ಕುಟುಂಬದ ಆರೈಕೆ ಇಲ್ಲದ ಕಡೆ

ಕಾಫಿ ತಂದವನು ಅಕ್ಕನ ಕಡೆ ನೋಡದೆ ಪಕ್ಕದಲ್ಲಿದ್ದ ತಮ್ಮನ ಕಡೆ ನೋಡಿ, "ಅವರಿಗೆ ಸಕ್ಕರೆ ಎಷ್ಟು ಸರ್?" ಎಂದು ಕೇಳಿದ. ಅವನು "ಒಂದು ಚಮಚ ಸಾಕು" ಎಂದುಬಿಟ್ಟ. ಹೇಳಿದ ಮೇಲೆ, ಅಕ್ಕ ಸಕ್ಕರೆ ಬಿಟ್ಟು ವರ್ಷದ ಮೇಲಾಯಿತೆಂಬುದು ನೆನಪಾಯಿತು. ಕರೆದು ತಿದ್ದಬಹುದಿತ್ತು, ಕಾಫಿಯವನು ಇನ್ನೂ ಪಕ್ಕದ ಮೇಜಿನ ಹತ್ತಿರವೇ ಇದ್ದ. ಆದರೆ ಇಷ್ಟು ಸಣ್ಣ ವಿಷಯಕ್ಕೆ, ಐದು ಸರ್ಕಾರಗಳ ನಿಯೋಗಗಳು ಕೂತಿರುವ ಕೋಣೆಯಲ್ಲಿ, "ಇಲ್ಲಿ ಬಾಪ್ಪ" ಎಂದು ಕೂಗುವುದು ಅವನಿಂದಾಗಲಿಲ್ಲ. ಅಕ್ಕ ಸ್ಟ್ರಾ ಕಚ್ಚಿಕೊಂಡು ಒಂದು ಗುಟುಕು ಎಳೆದಳು, ಮುಖ ಕಿವುಚಲಿಲ್ಲ, ಇನ್ನೊಂದು ಗುಟುಕು ಎಳೆದಳು. ಬೈದಿದ್ದರೆ ಒಳ್ಳೆಯದಿತ್ತು. ಬೆಳಗಿನಿಂದ ಅವನಿಗೆ ಯಾರಾದರೂ ಒಂದು ಸಲ ಬೈದು ಮುಗಿಸಿದರೆ ಸಾಕು ಅನ್ನಿಸುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಸಭೆ ಕೂಡುತ್ತದೆ, ಅಧ್ಯಕ್ಷರು ಒಪ್ಪಂದದ ಕರಡನ್ನು ಕಲಮು ಕಲಮಾಗಿ ಓದುತ್ತಾರೆ, ಒಂಬತ್ತನೆಯ ಕಲಮಿನಲ್ಲಿ ನಿನ್ನೆ ಸಂಜೆ ಅವನೇ ಸೇರಿಸಿದ ನಾಲ್ಕು ಪದಗಳು ಬರುತ್ತವೆ, ಅಕ್ಕ ಅವನ್ನು ಮೊದಲ ಸಲ ಕೇಳುತ್ತಾಳೆ. ಮನೆಗೆ ಹೋದ ಕೂಡಲೇ ಹೇಳಬಹುದಿತ್ತು. ಬೆಳಿಗ್ಗೆ ಅವಳ ಕಾಲಿಗೆ ಪಟ್ಟಿ ಬಿಗಿಯುವಾಗ ಹೇಳಬಹುದಿತ್ತು. ವ್ಯಾನಿನಲ್ಲಿ ಹೇಳಿಯೇಬಿಡಬೇಕೆಂದು ಬಾಯಿ ತೆರೆದವನು "ಇವತ್ತು ಟ್ರಾಫಿಕ್ ಕಡಿಮೆ" ಎಂದಿದ್ದ.

ಹೋಟೆಲಿನ ಮುಂಬಾಗಿಲಿಗೆ ಈ ಸಭೆಗೆಂದೇ ಹೊಸ ಇಳಿಜಾರು ಕಟ್ಟಿ, ಅದರ ಮೇಲೆ ಕೆಂಪು ಹಾಸು ಹಾಸಿ, ಮೊದಲ ದಿನ ಅಕ್ಕನ ವೀಲ್‌ಚೇರನ್ನು ಅಲ್ಲಿ ನಿಲ್ಲಿಸಿ ಐದು ಬಾವುಟಗಳ ಜೊತೆ ಫೋಟೋ ತೆಗೆದಿದ್ದರು. ಆದರೆ ಸಭಾಂಗಣ ಇದ್ದದ್ದು ಮೂರನೆಯ ಮಹಡಿಯಲ್ಲಿ; ವೀಲ್‌ಚೇರು ಹಿಡಿಸುವಂಥ ಲಿಫ್ಟು ಇದ್ದದ್ದು ಅಡಿಗೆಮನೆಯ ಹಿಂದೆ, ಸಾಮಾನು ಸಾಗಿಸುವುದು. ಹಾಗಾಗಿ ವಿಕಲಚೇತನರ ಹಕ್ಕುಗಳಿಗಾಗಿ ನೆರೆಹೊರೆಯ ಸರ್ಕಾರಗಳು ಕೈಜೋಡಿಸುವ ಸಭೆಗೆ ಅಕ್ಕ ದಿನಾ ಈರುಳ್ಳಿ ಮೂಟೆಗಳ ಪಕ್ಕದಲ್ಲಿ ಕೂತು ಮೇಲೆ ಹೋಗುತ್ತಿದ್ದಳು. "ನಾವಿಬ್ಬರೇ ತಾಜಾ ತರಕಾರಿ" ಎಂದು ಮೊದಲ ದಿನ ನಕ್ಕಿದ್ದಳು. ಲಿಫ್ಟಿನ ಆಳು ಏನಂದರು ಎಂಬಂತೆ ಅವನ ಮುಖ ನೋಡಿದ. ಅವನು "ತುಂಬಾ ಥ್ಯಾಂಕ್ಸ್ ಅಂತೆ" ಎಂದಿದ್ದ.

ಅದು ಅವನ ಕೆಲಸ. ಹುಟ್ಟುವಾಗ ನರಗಳಿಗೆ ಬಿದ್ದ ಪೆಟ್ಟು ಅಕ್ಕನ ಕೈಕಾಲುಗಳ ಹಾಗೆ ನಾಲಿಗೆಯನ್ನೂ ಹಿಡಿದುಕೊಂಡಿತ್ತು. ಪದಗಳು ತಡವಾಗಿ, ಉದ್ದುದ್ದವಾಗಿ, ಒಂದಕ್ಕೊಂದು ಅಂಟಿಕೊಂಡು ಹೊರಬರುತ್ತಿದ್ದವು. ಹೊಸಬರಿಗೆ ಅವು ಬರೀ ಸದ್ದು. ಕಿವಿಗಾಗಲಿ ಬುದ್ಧಿಗಾಗಲಿ ಏನೂ ಆಗಿರಲಿಲ್ಲ. ದೂರಶಿಕ್ಷಣದ ವಿದ್ಯಾರ್ಥಿಗಳ ಉತ್ತರಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ ಅವಳು ಗಳಿಸುತ್ತಿದ್ದುದು ಇಲಾಖೆಯಲ್ಲಿ ಅವನು ಗಳಿಸುತ್ತಿದ್ದುದಕ್ಕಿಂತ ಬಹಳ ಕಡಿಮೆಯೇನಲ್ಲ. ಚಿಕ್ಕಂದಿನಿಂದಲೂ ಅವಳು ಹೇಳಿದ್ದನ್ನು ಇವನು ಬಿಡಿಸಿ ಇನ್ನೊಮ್ಮೆ ಹೇಳಬೇಕು. ಅದಕ್ಕೊಂದು ಕಟ್ಟಳೆ ಅವಳೇ ಹಾಕಿದ್ದಳು: "ಅಕ್ಕ ಹೀಗಂತಾಳೆ ಅನ್ನಬೇಡ ಪುಟ್ಟ. ನಾನೇ ಹೇಳಿದ ಹಾಗೆ ಹೇಳು." ಹಾಗಾಗಿ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಅವನು "ನನಗೆ ಸೊಂಟ ನೋವು", "ನನ್ನ ಖಾತೆ", "ನನಗೆ ಆ ಹಸಿರು ಸೀರೆ ತೋರಿಸಿ" ಎನ್ನುತ್ತ ಬೆಳೆದ. ಬೆಳೆಯುತ್ತ ಇನ್ನೊಂದು ಅಭ್ಯಾಸವನ್ನೂ ಮಾಡಿಕೊಂಡ. ಅಕ್ಕ, "ಈ ಡಾಕ್ಟ್ರು ನಿದ್ದೆಗಣ್ಣಲ್ಲಿ ಬಂದಿದಾನೆ, ನಾಳೆ ಬರೋಣ ನಡಿ" ಎಂದರೆ ಇವನು, "ನನಗೆ ಸ್ವಲ್ಪ ಆಯಾಸವಾಗಿದೆ ಡಾಕ್ಟ್ರೇ, ನಾಳೆ ಬರ್ತೀನಿ" ಎನ್ನುತ್ತಿದ್ದ. ಹೊರಗೆ ಬಂದ ಮೇಲೆ ಅಕ್ಕ ಕುರ್ಚಿ ಅಲುಗಾಡುವ ಹಾಗೆ ನಗುತ್ತಿದ್ದಳು: "ಎಷ್ಟು ಚೆನ್ನಾಗಿ ಇಸ್ತ್ರಿ ಮಾಡ್ತೀಯೋ." ಆ ನಗು ಯಾವಾಗ ನಿಂತಿತೆಂದು ಈಗ ಯೋಚಿಸಿದರೆ ನೆನಪಾಗುವುದಿಲ್ಲ. ನಿಂತಿದ್ದು ಇವನ ಗಮನಕ್ಕೇ ಬಂದಿರಲಿಲ್ಲ.

ನಿನ್ನೆ ಸಂಜೆ ಕರಡು ಸಮಿತಿ ಕೂತಿದ್ದ ಸಣ್ಣ ಕೋಣೆಗೆ ಅಕ್ಕ ಬಂದಿರಲಿಲ್ಲ. ಅವಳ ಬೆನ್ನು ಸೋತಿತ್ತು, ವ್ಯಾನು ಅವಳನ್ನು ಮನೆಗೆ ಬಿಟ್ಟು ಬಂದಿತ್ತು. ಸಂಜೆಯ ಕೆಲಸಕ್ಕೆ ಅವನು ತಮ್ಮನಲ್ಲ, ಇಲಾಖೆಯ ಗುಮಾಸ್ತ. ಒಂಬತ್ತನೆಯ ಕಲಮು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ವಿಕಲಚೇತನರು ಎಲ್ಲಿ, ಯಾರ ಜೊತೆ ಬದುಕಬೇಕೆಂಬುದನ್ನು ತಾವೇ ನಿರ್ಧರಿಸಬೇಕು, ಅದಕ್ಕೆ ಬೇಕಾದ ನೆರವನ್ನು ಸರ್ಕಾರ ಕೊಡಬೇಕು ಎಂಬ ಮಾತಿಗೆ ಎರಡು ಸರ್ಕಾರಗಳು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ನಮ್ಮಲ್ಲಿ ಮನೆಯವರೇ ನೋಡ್ಕೋತಾರೆ. ಅದರ ನಡುವೆ ಸರ್ಕಾರ ಯಾಕೆ ತಲೆ ಹಾಕಬೇಕು?" ಎಂದರು. ಇವನ ಮೇಲಧಿಕಾರಿಯಾದ ನಿರ್ದೇಶಕರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಆಗ ಗೋಡೆಗೊರಗಿ ನಿಂತಿದ್ದ ಇವನು, ತನಗೇ ಹೇಳಿಕೊಳ್ಳುವವನಂತೆ, "ಕುಟುಂಬದ ಆರೈಕೆ ಇಲ್ಲದ ಕಡೆ ಅಂತ ಸೇರಿಸಿದರೆ?" ಎಂದ. ಕೋಣೆ ಹಗುರಾಯಿತು. ಎಲ್ಲರೂ ಒಟ್ಟಿಗೆ ಬರೆದುಕೊಂಡರು. ನಿರ್ದೇಶಕರು ಅವನ ಬೆನ್ನು ತಟ್ಟಿ, "ಇದನ್ನ ಎಲ್ಲಿ ಬಚ್ಚಿಟ್ಟಿದ್ರಿ ಮಾರಾಯ್ರೆ?" ಎಂದು ಹೇಳಿ, ಉಳಿದವರ ಕಡೆ ತಿರುಗಿ, "ಉದಾಹರಣೆ ಬೇಕಾದ್ರೆ ಇಲ್ಲೇ ಇದೆಯಲ್ಲ. ಇಂಥ ತಮ್ಮ ಇರೋವಾಗ ಸರ್ಕಾರ ಯಾಕೆ ಬೇಕು?" ಎಂದರು. ಅವನಿಗೆ ಕಿವಿ ಬಿಸಿಯಾಯಿತು, ಸಂತೋಷವಾಯಿತು. ಸಂತೋಷವಾಯಿತೆಂಬುದನ್ನು ಈಗ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಇಷ್ಟು ವರ್ಷದಲ್ಲಿ ಅವನ ಬಾಯಿಂದ ಬಂದ ಅವನದೇ ಮಾತೊಂದಕ್ಕೆ ಜನ ತಲೆಯೆತ್ತಿ ನೋಡಿದ್ದು ಅದೇ ಮೊದಲು. ಮನೆಯಲ್ಲಿ ಹೆಂಡತಿ ಬಡಿಸುತ್ತ, "ಏನಾಯ್ತು ಇವತ್ತು?" ಎಂದಳು. ಅವನು "ಮಾಮೂಲಿ" ಎಂದ. "ನಿಮ್ಮ ಮಾತೆಲ್ಲ ಅತ್ತಿಗೆಗೇ ಖರ್ಚಾಗಿ ಹೋಗುತ್ತೆ, ನನಗೆ ಮಿಕ್ಕೋದು ಹೂಂ, ಉಹೂಂ" ಎಂದು ಅವಳು ಹಿಂದೊಮ್ಮೆ ಅಂದಿದ್ದಳು. ಈಗ ಹಾಗನ್ನುವುದನ್ನೂ ಬಿಟ್ಟಿದ್ದಳು. ಪಕ್ಕದ ಕೋಣೆಯಲ್ಲಿ ಅಕ್ಕ ಒಂದೇ ಬೆರಳಿನಲ್ಲಿ ಕೀಲಿ ಒತ್ತುವ ಸದ್ದು ಕೇಳುತ್ತಿತ್ತು. ಹೋಗಿ ಹೇಳಬೇಕಿತ್ತು. ಹೇಳಿದರೆ ಅವಳು ಏನನ್ನುತ್ತಾಳೆಂದು ಗೊತ್ತಿಲ್ಲದೆ ಹೋಗಲಿಲ್ಲವೋ, ಗೊತ್ತಿದ್ದೇ ಹೋಗಲಿಲ್ಲವೋ, ಅವನು ತಟ್ಟೆ ತೊಳೆದಿಟ್ಟು ಮಲಗಿದ.

ಸಭಾಂಗಣದಲ್ಲಿ ಮೇಜುಗಳನ್ನು ಲಾಳದಾಕಾರದಲ್ಲಿ ಜೋಡಿಸಿದ್ದರು. ನಿರ್ದೇಶಕರ ಪಕ್ಕದಲ್ಲಿ 'ಪ್ರತಿನಿಧಿ' ಎಂಬ ಬಿಲ್ಲೆ ಧರಿಸಿದ ಅಕ್ಕ, ಅವಳ ಭುಜದ ಹಿಂದೆ ಸ್ಟೂಲಿನ ಮೇಲೆ 'ಸಹಾಯಕ' ಎಂಬ ಬಿಲ್ಲೆ ಧರಿಸಿದ ಅವನು. ಅವನು ಮೈಕಿನಲ್ಲಿ ಹೇಳಿದ್ದನ್ನು ಗಾಜಿನ ಗೂಡುಗಳಲ್ಲಿ ಕೂತ ದುಭಾಷಿಗಳು ತಂತಮ್ಮ ಭಾಷೆಗೆ ತಿರುಗಿಸಿ ಎಲ್ಲರ ಕಿವಿಗೆ ತಲುಪಿಸುತ್ತಿದ್ದರು. ನೆರೆಯ ಸರ್ಕಾರದಿಂದ ಬಂದ ಅಧ್ಯಕ್ಷರು ನೆರೆತ ಕೂದಲಿನ, ಅವಸರವಿಲ್ಲದ ಮನುಷ್ಯ. ಒಂದು ಕಲಮು ಓದುವುದು, ಸುತ್ತ ಒಮ್ಮೆ ನೋಡುವುದು, ಯಾರೂ ಮಾತಾಡದಿದ್ದರೆ ಒಪ್ಪಿಗೆಯೆಂದು ಮರದ ಸುತ್ತಿಗೆಯಿಂದ ಮೇಜಿಗೆ ಒಂದು ಪೆಟ್ಟು. ಯಾರೊಬ್ಬರು ಬೇಡವೆಂದರೂ ಆ ಮಾತು ಬಿದ್ದುಹೋಗುತ್ತದೆ. ಐವರೂ ಒಪ್ಪಿದ್ದು ಮಾತ್ರ ಉಳಿಯುತ್ತದೆ. ಐದನೆಯದಕ್ಕೆ ಪೆಟ್ಟು ಬಿತ್ತು, ಆರನೆಯದಕ್ಕೆ ಬಿತ್ತು. ಒಂದು ದೇಶದ ಗುರುತಿನ ಚೀಟಿಯನ್ನು ಉಳಿದ ನಾಲ್ಕು ದೇಶಗಳೂ ಮಾನ್ಯ ಮಾಡುವ ಏಳನೆಯದಕ್ಕೆ ಚಪ್ಪಾಳೆಯೂ ಬಿತ್ತು. ಅಕ್ಕನ ಕುತ್ತಿಗೆಯ ಹಿಂಭಾಗ, ಬೆಳಿಗ್ಗೆ ತಾನೇ ಬಾಚಿದ ಜಡೆ, ಜಡೆಯಿಂದ ತಪ್ಪಿಸಿಕೊಂಡ ನಾಲ್ಕೆಳೆ ಬಿಳಿಕೂದಲು. ಅವನಿಗೆ ಎದ್ದು ಹೋಗಬೇಕೆನ್ನಿಸಿತು. ಶೌಚಾಲಯಕ್ಕೆ ಎಂದು ಹೇಳಿ ಹೋಗಬಹುದಿತ್ತು, ಮನುಷ್ಯನೆಂದ ಮೇಲೆ ಅದಕ್ಕೂ ಹಕ್ಕಿದೆಯಲ್ಲ. ಆದರೆ ಅವನು ಹೋದರೆ ಅಕ್ಕನಿಗೆ ಬಾಯಿಯಿಲ್ಲ.

ಅಧ್ಯಕ್ಷರು ಓದಿದರು: "ವಿಕಲಚೇತನರು ಎಲ್ಲಿ, ಯಾರೊಂದಿಗೆ ಬದುಕಬೇಕೆಂಬುದನ್ನು ತಾವೇ ನಿರ್ಧರಿಸತಕ್ಕದ್ದು. ಕುಟುಂಬದ ಆರೈಕೆ ಇಲ್ಲದ ಕಡೆ, ಅದಕ್ಕೆ ಬೇಕಾದ ನೆರವನ್ನು ಸರ್ಕಾರಗಳು ಒದಗಿಸತಕ್ಕದ್ದು." ಸುತ್ತ ನೋಡಿದರು. ಅಕ್ಕನ ಬಲಗೈ ಮೇಜಿನಂಚಿಗೆ ಬಡಿದು ಮೇಲೆದ್ದಿತು.

ಅವಳು ಮಾತಾಡಿದಳು. ಅವನಿಗೆ ಒಂದೊಂದು ಪದವೂ ಸ್ಪಷ್ಟವಾಗಿ ಕೇಳಿಸಿತು: "ನನಗೆ ಒಪ್ಪಿಗೆ ಇಲ್ಲ. ನನಗೆ ಕುಟುಂಬದ ಆರೈಕೆ ಇದೆ. ಅದಕ್ಕೇ ನಾನು ಎಲ್ಲೂ ಹೋಗೋ ಹಾಗಿಲ್ಲ."

ಅವನು ಗುಂಡಿ ಒತ್ತಿದ. ಮೈಕಿನ ಕೆಂಪು ದೀಪ ಹತ್ತಿತು. "ಈ ಕಲಮಿಗೆ ನನ್ನ ಬೆಂಬಲವಿದೆ," ಎಂದ. ತನ್ನ ದನಿ ಎಷ್ಟು ಸಲೀಸಾಗಿದೆಯೆಂದು ಅವನಿಗೇ ಆಶ್ಚರ್ಯವಾಯಿತು. "ಕುಟುಂಬದ ಆರೈಕೆ ಅಂದರೇನು ಎಂಬುದನ್ನು ಮುಂದೆ ಇನ್ನಷ್ಟು ವಿವರಿಸಬೇಕೆಂದು ಕೋರುತ್ತೇನೆ." ಸುತ್ತ ತಲೆಗಳು ಆಡಿದವು. ಗಾಜಿನ ಹಿಂದೆ ತುಟಿಗಳು ಆಡಿದವು. ಅಧ್ಯಕ್ಷರು "ಬಹಳ ಉಪಯುಕ್ತ ಸಲಹೆ" ಎಂದು ಸುತ್ತಿಗೆ ಎತ್ತಿದರು. ಅಕ್ಕ ಹಿಂತಿರುಗಿ ನೋಡಲಿಲ್ಲ. ಅಧ್ಯಕ್ಷರ ಮುಖವನ್ನೇ ನೋಡುತ್ತ ಅದೇ ಮೂರು ಮಾತನ್ನು ಮೊದಲಿನಿಂದ ಹೇಳತೊಡಗಿದಳು. ಸುತ್ತಿಗೆ ಮೇಜಿಗೆ ಬಡಿಯದೆ ಕೆಳಗಿಳಿಯಿತು, ಎಲ್ಲರೂ ಮರ್ಯಾದೆಯಿಂದ, ಏನೂ ಅರ್ಥವಾಗದ ಮುಗುಳುನಗೆಯಿಂದ ಕಾದರು. ಅಷ್ಟು ದೊಡ್ಡ ಸಭೆಯಲ್ಲಿ, ಅಷ್ಟು ಭಾಷೆ ಬಲ್ಲವರ ನಡುವೆ, ಅವಳು ಹೇಳುತ್ತಿರುವುದು ಅವನೊಬ್ಬನಿಗೆ ಮಾತ್ರ ತಿಳಿಯುತ್ತಿತ್ತು. ಏನು ಬೇಕಾದರೂ ಹೇಳಬಹುದು, ನಂಬುತ್ತಾರೆ. ಅವಳೂ ಕೇಳಿಸಿಕೊಳ್ಳುತ್ತಾಳೆ, ಇಷ್ಟು ವರ್ಷವೂ ಕೇಳಿಸಿಕೊಂಡೇ ಬಂದಿದ್ದಾಳೆ. ಮೂರು ಮಾತು ಮುಗಿಸಿ ಅಕ್ಕ ಉಸಿರು ತೆಗೆದುಕೊಂಡು, ಅದೇ ದನಿಯಲ್ಲಿ ಇನ್ನೊಂದು ಸೇರಿಸಿದಳು: "ಪುಟ್ಟ, ಇಸ್ತ್ರಿ ಬೇಡ."

"ನನಗೆ ಒಪ್ಪಿಗೆ ಇಲ್ಲ," ಎಂದ ಅವನು. "ನನಗೆ ಕುಟುಂಬದ ಆರೈಕೆ ಇದೆ. ಅದಕ್ಕೇ ನಾನು ಎಲ್ಲೂ ಹೋಗುವ ಹಾಗಿಲ್ಲ."

ನಿರ್ದೇಶಕರ ಪೆನ್ನು ನಿಂತಿತು. ಅಕ್ಕ ಮುಂದುವರಿಸಿದಳು, ಅವನು ಹಿಂದೆ ಹಿಂದೆಯೇ ಹೇಳುತ್ತ ಹೋದ. ಯೋಚಿಸಲು ಬಿಡುವಿರಲಿಲ್ಲ, ಒಂದು ಮಾತು ಅವನ ಬಾಯಿಂದ ಹೊರಗೆ ಬಿದ್ದು ಕಿವಿಗೆ ಬಡಿದ ಮೇಲೆಯೇ ಅದು ತನ್ನ ಬಗ್ಗೆ ಎಂದು ತಿಳಿಯುತ್ತಿತ್ತು. "ನಾನು ತಮ್ಮನ ಮನೆಯಲ್ಲಿದ್ದೇನೆ. ತಮ್ಮನ ಹೆಂಡತಿ ಕೆಲಸಕ್ಕೆ ಹೊರಡುವ ಮುಂಚೆ ನಾನು ಎದ್ದಾಗಿರಬೇಕು, ತಮ್ಮ ಆಕಳಿಸಿದರೆ ನಾನು ಮಲಗಬೇಕು. ಯಾರೂ ಹಾಗೆ ಹೇಳಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ನನ್ನ ಕಾಫಿಗೆ ಎಷ್ಟು ಸಕ್ಕರೆ ಅಂತ ಜನ ಅವನನ್ನು ಕೇಳುತ್ತಾರೆ. ಅವನು ಹೇಳಿದ್ದನ್ನು ನಾನು ಕುಡಿಯುತ್ತೇನೆ, ಯಾಕೆಂದರೆ ಬೇಡ ಅಂದರೆ ಅವನಿಗೆ ನೋವಾಗುತ್ತದೆ. ಅವನಿಗೆ ನೋವಾಗದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ. ನಿಮ್ಮ ಕರಡಿನಲ್ಲಿ ಆ ಆರೈಕೆಯ ಮಾತಿಲ್ಲ." ಯಾರೋ ಸಣ್ಣಗೆ ನಕ್ಕು ನಿಲ್ಲಿಸಿದರು. "ಅವನು ಒಳ್ಳೆಯವನು. ಕೆಟ್ಟವನಾಗಿದ್ದರೆ ಕಾನೂನಿತ್ತು, ಪೊಲೀಸರಿದ್ದರು. ಒಳ್ಳೆಯವನ ಮನೆ ಬಿಟ್ಟು ಹೋಗಲು ನೀವು ಏನು ಇಟ್ಟಿದ್ದೀರಿ?"

"ಅವನು ಒಳ್ಳೆಯವನು" ಎಂದು ತಾನೇ ಮೈಕಿನಲ್ಲಿ ಹೇಳಬೇಕಾಗಿ ಬಂದದ್ದು ಉಳಿದೆಲ್ಲಕ್ಕಿಂತ ನಾಚಿಕೆಯ ಮಾತಾಗಿತ್ತು. ಅಷ್ಟು ಜನರಲ್ಲಿ ಒಬ್ಬರೂ ಅವನ ಕಡೆ ನೋಡುತ್ತಿರಲಿಲ್ಲ. ಇಷ್ಟು ವರ್ಷ ಅಕ್ಕ ಮಾತಾಡುವಾಗ ಜನ ಅವನನ್ನು ನೋಡುತ್ತಿದ್ದರು, ಅವನು ಮುಜುಗರಪಡುತ್ತಿದ್ದ. ಈಗ ಎಲ್ಲರ ಕಣ್ಣೂ ಅಕ್ಕನ ಮೇಲಿತ್ತು. ಅವನು ಎಲ್ಲೋ ಮೈಕಿನ ತಂತಿಯೊಳಗೆ ಸೇರಿಹೋಗಿದ್ದ.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಇದು ನಿಯೋಗದ ಆಕ್ಷೇಪವೋ, ಪ್ರತಿನಿಧಿಯವರ ಸ್ವಂತ ಅನುಭವವೋ ಎಂದು ಕೇಳಿದರು. ನಿರ್ದೇಶಕರು ಮೈಕನ್ನು ತಮ್ಮ ಕಡೆ ಎಳೆದುಕೊಂಡರು. "ಸ್ವಂತ ಅನುಭವ. ಅದನ್ನು ನಾವು ತುಂಬಾ ಗೌರವಿಸುತ್ತೇವೆ. ಆ ಪದಗಳನ್ನು ಸೂಚಿಸಿದ್ದು ನಮ್ಮ ನಿಯೋಗವೇ. ಅವು ಹಾಗೇ ಇರಲಿ." ಮೈಕನ್ನು ಹಿಂದಕ್ಕೆ ತಳ್ಳಿ, ತಲೆ ತಿರುಗಿಸದೆ, "ಇಷ್ಟಕ್ಕೇ ಸಾಕು ಮಾಡ್ರಿ" ಎಂದು ಅವನಿಗೆ ಮಾತ್ರ ಕೇಳುವಂತೆ ಗೊಣಗಿದರು. ಸುತ್ತಿಗೆ ಮತ್ತೆ ಮೇಲೇರಿತು. ಅಕ್ಕನ ಕೈ ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ಅವಳು ಹೇಳಬೇಕಾದ್ದನ್ನು ಹೇಳಿ ಮುಗಿಸಿದ್ದಳು. ಅವನು ಅವಳ ಕುತ್ತಿಗೆಯನ್ನೇ ನೋಡುತ್ತಿದ್ದ, ಅವಳು ಏನಾದರೂ ಹೇಳಲಿ, ತಾನದನ್ನು ಹೇಳಿಬಿಡುತ್ತೇನೆ ಎಂದು ಕಾದ. ಅವಳು ಏನೂ ಹೇಳಲಿಲ್ಲ. ಅವನ ಬೆರಳು ಗುಂಡಿ ಒತ್ತಿತು.

"ಆ ಪದಗಳು ನನ್ನವು," ಎಂದ. ದನಿ ಸಲೀಸಾಗಿರಲಿಲ್ಲ, ನಡುವೆ ಒಡೆಯಿತು. "ನಾನೇ ಬರೆದೆ. ದಯವಿಟ್ಟು ತೆಗೆದುಹಾಕಿ."

ಎಲ್ಲರೂ ಅಕ್ಕನನ್ನು ನೋಡಿದರು. ದುಭಾಷಿಯೊಬ್ಬಳು ಗಾಜಿನ ಹಿಂದಿನಿಂದ ಇಣುಕಿ ಅಕ್ಕನನ್ನೇ ನೋಡುತ್ತ ತುಟಿಯಾಡಿಸಿದಳು. ಅಧ್ಯಕ್ಷರು ಅಕ್ಕನ ಕಡೆ ಬಾಗಿ, ಮೃದುವಾಗಿ, "ಅಮ್ಮಾ, ಇವು ನೀವೇ ಬರೆದ ಪದಗಳೇ?" ಎಂದರು. ತನ್ನ ಮಾತು ತನ್ನದೆಂದು ಹೇಳುವುದು ಹೇಗೆಂದು ಅವನಿಗೆ ತೋಚಲಿಲ್ಲ. ಆಗ ಅಕ್ಕನ ಭುಜ ಅಲುಗಿತು. ನಗುತ್ತಿದ್ದಾಳೆಂದು ತಿಳಿಯಲು ಸ್ವಲ್ಪ ಹೊತ್ತಾಯಿತು. ನಗುನಗುತ್ತಲೇ ಅವಳು ಹೇಳಿದಳು, ಅವನು ಹೇಳಿದ: "ಅಲ್ಲ. ಈಗ ಮಾತಾಡಿದ್ದು ನಾನಲ್ಲ. ನನ್ನ ತಮ್ಮ."

ಐದು ಸರ್ಕಾರಗಳು ಅವನ ಕಡೆ ತಿರುಗಿದವು. ಅವನು ಇಯರ್‌ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತ. ನಿನ್ನೆ ಸಂಜೆ ಇದೇ ಜನ ನೋಡಿದಾಗ ಆದ ಸಂತೋಷವನ್ನು ನೆನೆಸಿಕೊಳ್ಳಲು ನೋಡಿದ, ಅದು ಬೇರೆ ಯಾರಿಗೋ ಆದದ್ದರ ಹಾಗಿತ್ತು.

ಬರೆದವನೇ ಬೇಡವೆಂದ ಮೇಲೆ ತಮಗೂ ಬೇಡವೆಂದು ಇನ್ನೊಂದು ನಿಯೋಗ ಹೇಳಿತು, ಪದಗಳು ಹೋದವು. ಹೋದ ಕೂಡಲೇ ನಿನ್ನೆ ತಕರಾರು ತೆಗೆದಿದ್ದ ಆ ಎರಡು ಸರ್ಕಾರಗಳು ಹಾಗಾದರೆ ಕಲಮಿಗೇ ಒಪ್ಪಿಗೆಯಿಲ್ಲವೆಂದವು. ಒಂಬತ್ತನೆಯ ಕಲಮನ್ನು ಮುಂದಿನ ವರ್ಷ ಇನ್ನೊಂದು ರಾಜಧಾನಿಯಲ್ಲಿ ಕೂಡುವ ಸಭೆಗೆ ಬಿಟ್ಟು, ಎಂಟರ ನಂತರ ಹತ್ತನ್ನು ಓದಿದರು. ಊಟದ ವಿರಾಮದಲ್ಲಿ ನಿರ್ದೇಶಕರು ಸಿಟ್ಟಿಲ್ಲದ ದನಿಯಲ್ಲಿ, "ನಾಳೆಯಿಂದ ನೀವು ಆಫೀಸಿಗೇ ಹೋಗಿ. ಇಲ್ಲಿಗೆ ಬೇರೆ ಯಾರನ್ನಾದರೂ ನೋಡ್ತೀನಿ," ಎಂದು ತಟ್ಟೆ ಹಿಡಿದು ಬೇರೆ ಗುಂಪಿಗೆ ಹೋದರು. ಸಿಟ್ಟು ಮಾಡಿದ್ದರೆ ತಡೆದುಕೊಳ್ಳಬಹುದಿತ್ತು.

ಸಾಮಾನಿನ ಲಿಫ್ಟಿನಲ್ಲಿ ಇಳಿಯುವಾಗ ಅಕ್ಕ, "ಬೇಜಾರಾಯ್ತಾ?" ಎಂದಳು.

"ಇಲ್ಲ."

"ಸುಳ್ಳು ಹೇಳಬೇಡ."

"ಆಯ್ತು."

"ಆಗಲಿ," ಎಂದಳು ಅಕ್ಕ. "ಈ ಸಲ ನಾನು ಸಮಾಧಾನ ಮಾಡಲ್ಲ ಪುಟ್ಟ. ಐದು ಸರ್ಕಾರ ಒಪ್ಪೋವರೆಗೆ ಕಾಯೋದಕ್ಕೂ ಆಗಲ್ಲ. ನಾನು ಬೇರೆ ಮನೆ ಮಾಡ್ತೀನಿ. ಬೆಳಿಗ್ಗೆ ಸಂಜೆ ಒಬ್ಬರು ಆಳು ಸಿಕ್ಕಿದರೆ ನನ್ನ ಸಂಬಳದಲ್ಲೇ ಹೇಗೋ ಆಗುತ್ತೆ." ಲಿಫ್ಟಿನ ಆಳು ಏನಂದರು ಎಂಬಂತೆ ಅವನ ಮುಖ ನೋಡಿದ. ಅವನು ಗೋಡೆಯ ಕಡೆ ತಿರುಗಿ ನಿಂತ.

ಸಂಜೆ ಮನೆಯಲ್ಲಿ ಹೆಂಡತಿ ವಿಷಯ ಕೇಳಿ ಗಾಬರಿಯಾಗಲಿಲ್ಲ. "ಅತ್ತಿಗೆ ನನಗೆ ಮುಂಚೇನೇ ಹೇಳಿದ್ರು. ನಿಮಗೆ ಹೇಗೆ ಹೇಳೋದು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ," ಎಂದಳು. ಅವರಿಬ್ಬರೂ ಅವನಿಲ್ಲದೆ ಮಾತಾಡಿಕೊಳ್ಳುತ್ತಿದ್ದರು. ಅವನು ಆಫೀಸಿನಲ್ಲಿರುವಾಗ, ಬಟ್ಟೆ ಮಡಿಸುತ್ತ, ಅಡಿಗೆಮನೆಯ ಬಾಗಿಲಲ್ಲಿ, ನಡುವೆ ಯಾರೂ ಇಲ್ಲದೆ, ನಗುತ್ತಲೂ ಇದ್ದಿರಬೇಕು. ಅವನಿಗೆ ಅದು ಒಮ್ಮೆಯೂ ಹೊಳೆದಿರಲಿಲ್ಲ. ಸ್ವಂತ ಮನೆಯೊಳಗೆ ಅವನು ನೆಂಟನ ಹಾಗೆ ಕುರ್ಚಿಯ ತುದಿಗೆ ಕೂತ. ಅಕ್ಕ ಗಡಿಯಾರದ ಅಂಗಡಿ ಹಿಂದಿನ ಓಣಿಯಲ್ಲಿ ಖಾಲಿಯಿದ್ದ ಮನೆಯ ಒಡತಿಯ ಫೋನ್ ನಂಬರನ್ನು ಹೆಂಡತಿಗೆ ಹೇಳಿದಳು, ಹೆಂಡತಿ ಅವನಿಗೆ ಹೇಳಿದಳು, ಅವನು ಒತ್ತಿದ. ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟು, ಅಭ್ಯಾಸಬಲದಿಂದ "ನಮಸ್ಕಾರ, ನಾನು..." ಎಂದು ಶುರುಮಾಡಿದ.

"ನೀನು ಬೇಡ," ಎಂದಳು ಅಕ್ಕ.

ಅಕ್ಕ ಫೋನಿನ ಮೇಲೆ ಬಾಗಿ ಮಾತಾಡಿದಳು. ಆ ಕಡೆಯಿಂದ ವಯಸ್ಸಾದ ಹೆಂಗಸಿನ ದನಿ, "ಯಾರು? ಹಲೋ? ಏನೂ ಕೇಳಿಸ್ತಿಲ್ಲ," ಎಂದಿತು. ಅಕ್ಕ ಮೊದಲಿನಿಂದ ಹೇಳಿದಳು. ಫೋನ್ ಕಟ್ಟಾಯಿತು. ಅಕ್ಕ ಕಣ್ಣಿನಲ್ಲೇ ಇನ್ನೊಮ್ಮೆ ಎಂದಳು, ಅವನು ಇನ್ನೊಮ್ಮೆ ಒತ್ತಿದ. ಇಷ್ಟು ಸಣ್ಣ ವಾಕ್ಯ, ಅವನಾದರೆ ಒಂದೇ ಉಸಿರಿನಲ್ಲಿ ಹೇಳಿಬಿಡಬಹುದಿತ್ತು. ಅವನ ನಾಲಿಗೆ ಹಲ್ಲಿಗೆ ತಾಗಿ ತಾಗಿ ಹಿಂದೆ ಬರುತ್ತಿತ್ತು. ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ.

"ಯಾರಮ್ಮ ಇದು, ಆಗಲೇ ಮಾಡಿದವರಾ? ನಿಧಾನವಾಗಿ ಹೇಳಿ." ಅಕ್ಕ ನಿಧಾನವಾಗಿ ಹೇಳಿದಳು. "ಏನು, ಮನೆನಾ?" ಎಂದಿತು ದನಿ. "ಬಾಡಿಗೆಗಾ? ಹೂಂ, ಇದೆ ಇದೆ. ಕೆಳಗಿನದೇ, ಮೆಟ್ಟಿಲಿಲ್ಲ." ಹೆಂಡತಿ ಅಕ್ಕನ ಭುಜದ ಮೇಲೆ ಕೈಯಿಟ್ಟಳು. ಅವನು ಅಲ್ಲೇ ಎದುರಿಗೆ ಕೂತಿದ್ದ, ಯಾರೂ ಅವನನ್ನು ಏನೂ ಕೇಳಲಿಲ್ಲ.

"ಎಷ್ಟು ಜನ ಇರ್ತೀರಿ?" ಎಂದಿತು ದನಿ.

"ಒಬ್ಬಳೇ," ಎಂದಳು ಅಕ್ಕ.

ಆ ಮಾತು ಆ ಹೆಂಗಸಿಗೆ ಒಂದೇ ಸಲಕ್ಕೆ ಅರ್ಥವಾಯಿತು.